ಒಂದ್ನಿಮಿಷದ ಮಾವ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಒತ್ತಕ್ಷರ ಬಂದ ಕಡೆಯೆಲ್ಲ ಪೆನ್ನು ತಡೆದು ನಿಲ್ಲುತ್ತದೆ, ಕೆಲವು ಸಾಲುಗಳು ಮೇಲಕ್ಕೆ ಹತ್ತಿಕೊಂಡು ಹೋಗಿವೆ. ಮಾತುಗಳೂ ಮನೆಯಲ್ಲಿ ಆಡುವಂಥವೇ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪೇಪರಿನಲ್ಲಿ ನಮ್ಮಕ್ಕನ ಫೋಟೋ ಬಂದಿತ್ತು. ಅವಳ ಹುಬ್ಬಿನ ಮೇಲೆ ಯಾರದೋ ಒಂದು ಹೆಬ್ಬೆರಳು ಇದೆ. ಬೆರಳಿನ ಯಜಮಾನ ಮಾತ್ರ ಫೋಟೋದಿಂದ ಆಚೆ ಉಳಿದುಬಿಟ್ಟಿದ್ದಾನೆ. ಕೆಳಗೆ ಬರೆದದ್ದರಲ್ಲೂ ಅವನ ಸುದ್ದಿ ಇಲ್ಲ. ಅವನು ನಮ್ಮ ಸೋದರಮಾವ. ಬೇರೆ ಯಾರೂ ಅವನ ಬಗ್ಗೆ ಬರೆಯುವ ಹಾಗೆ ಕಾಣಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಾನು ನೋಡದೇ ಇದ್ದದ್ದನ್ನು ಮಾವನ ಹತ್ತಿರ ಒಂದು ಸಲ, ಅಕ್ಕನ ಹತ್ತಿರ ಒಂದು ಸಲ ಕೇಳಿ, ಇಬ್ಬರೂ ಒಪ್ಪಿದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮಾವನದ್ದು ಕಟಿಂಗ್ ಶಾಪು. ಒಂದು ಪಕ್ಕ ಟೈರ್ ರಿಪೇರಿ ಅಂಗಡಿ, ಇನ್ನೊಂದು ಪಕ್ಕ ಕನ್ನಡಕದ ಅಂಗಡಿ, ನಡುವೆ ಎರಡು ಕುರ್ಚಿ ಹಿಡಿಸುವಷ್ಟು ಜಾಗ. ಗೋಡೆಯುದ್ದಕ್ಕೂ ಕನ್ನಡಿ ಇದೆ, ಅದರ ಅಂಚಿನಲ್ಲಿ ರಸ ಎದ್ದು ಕಪ್ಪು ಮಚ್ಚೆಗಳು ಬಿದ್ದಿವೆ. ಯಾರಾದರೂ ಬಾಗಿಲಲ್ಲಿ ಇಣುಕಿ "ಎಷ್ಟೊತ್ತಾಗತ್ತೆ?" ಎಂದರೆ ಮಾವ ಕತ್ತರಿಯಿಂದ ಕಣ್ಣೆತ್ತದೆ "ಒಂದ್ನಿಮಿಷ, ಕೂತ್ಕೊಳಿ" ಎನ್ನುತ್ತಾನೆ. ಆ ಒಂದು ನಿಮಿಷದಲ್ಲಿ ಗಿರಾಕಿ ಪೇಪರನ್ನು ಕೊನೆಯ ಪುಟದವರೆಗೆ ಓದಿ, ಪಕ್ಕದಲ್ಲಿ ಕೂತವನೊಂದಿಗೆ ಜಗಳವಾಡಿ, ರಾಜಿಯೂ ಆಗಿರುತ್ತಾನೆ. ಹಾಗಾಗಿ ಬೀದಿಯಲ್ಲಿ ಅವನಿಗೆ ಒಂದ್ನಿಮಿಷ ಎಂದೇ ಹೆಸರು.

"ಒಂದ್ನಿಮಿಷ ಇದಾನಾ?" ಎಂದು ಕನ್ನಡಕದ ಅಂಗಡಿಯವನನ್ನು ಕೇಳಿದರೆ, "ಆಸಾಮಿ ಇದಾನೆ, ನಿಮಿಷದ ಗ್ಯಾರಂಟಿ ನಾನು ಕೊಡಲ್ಲ" ಎನ್ನುತ್ತಾನೆ.

ಮಾವ ನಿಧಾನಿಯೇ ಹೊರತು ಸೋಮಾರಿಯಲ್ಲ. ಕಿವಿಯ ಹಿಂದಿನ ಕೂದಲಿಗೆ ಬಂದರೆ ಅವನು ಉಸಿರನ್ನೂ ಬಿಗಿ ಹಿಡಿಯುತ್ತಾನೆ. ಮೂವತ್ತು ವರ್ಷದಲ್ಲಿ ಅವನ ಕತ್ತಿ ಗೀರಿದ್ದು ಒಂದೇ ಒಂದು ಕಿವಿಯನ್ನು. ಆ ಕಿವಿಯವನು ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಮಾವ ಮಾತ್ರ ಅವನು ಎದುರಿಗೆ ಸಿಕ್ಕರೆ ಇವತ್ತಿಗೂ ಮೊದಲು ಕಿವಿ ನೋಡಿ ಆಮೇಲೆ ಮುಖ ನೋಡುತ್ತಾನೆ.

ಅಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಶಾಲೆ ಮುಗಿದ ಮೇಲೆ ನಾವಿಬ್ಬರೂ ಮಾವನ ಅಂಗಡಿಯ ಬೆಂಚಿಗೆ. ನಾನು ಕೂತಲ್ಲೇ ಕೂರುವವಳು. ಅಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಣಕಲು ಮೈ, ಮೂಗಿನ ತುದಿಯಲ್ಲಿ ಕೋಪ, ಗೀರಿದರೆ ಹತ್ತಿಕೊಳ್ಳುವ ಜಾತಿ ಎಂದು ಮಾವನೇ ಅವಳಿಗೆ ಕಡ್ಡಿ ಎಂದು ಹೆಸರಿಟ್ಟ.

ಕಡ್ಡಿಯ ತಲೆಗೂದಲು ಕತ್ತರಿಸುವುದೆಂದರೆ ಓಡುವ ಕೋಳಿಗೆ ಬಟ್ಟೆ ತೊಡಿಸಿದ ಹಾಗೆ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಅವಳನ್ನು ಕೂರಿಸಿ, ಕೊರಳಿಗೆ ಬಿಳಿ ಬಟ್ಟೆ ಕಟ್ಟುವಷ್ಟರಲ್ಲಿ ಮಾವ ಬೆವರುತ್ತಿದ್ದ. ಆದರೆ ಒಂದು ಮಾತಿಗೆ ಮಾತ್ರ ಅವಳು ತಣ್ಣಗಾಗುತ್ತಿದ್ದಳು. ಮಾವ ಹಿಂದೆ ನಿಂತು ಮೆತ್ತಗೆ "ತಲೆ ಬಗ್ಗಿಸು" ಎಂದರೆ ಸಾಕು, ಸ್ವಿಚ್ ಆರಿಸಿದ ಹಾಗೆ ಗದ್ದ ಎದೆಗೆ ತಾಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಕುತ್ತಿಗೆಯ ಮೇಲೆ ತಣ್ಣನೆಯ ಮಷೀನು ಓಡುವ ಸುಖಕ್ಕೆ ಅವಳು ಅಲ್ಲೇ ತೂಕಡಿಸುತ್ತಿದ್ದಳು.

"ಹೆತ್ತವಳ ಮಾತಿಗೆ ಬಗ್ಗದ ತಲೆ ನನ್ನ ಮಾತಿಗೆ ಬಗ್ಗುತ್ತೆ ನೋಡು" ಎಂದು ಮಾವ ಅಮ್ಮನ ಮುಂದೆ ಕಾಲರ್ ಎತ್ತಿಕೊಳ್ಳುತ್ತಿದ್ದ.

ಟೈರ್ ಅಂಗಡಿಯ ಮಹಡಿಯ ಮೇಲೆ ಬಾಕ್ಸಿಂಗ್ ಕಲಿಸುವ ಹಾಲ್ ಇದೆ. ಅಲ್ಲಿನ ಮೇಷ್ಟ್ರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ವಾರಕ್ಕೊಮ್ಮೆ ಮೀಸೆ ಸರಿಮಾಡಿಸಲು ಮಾವನ ಹತ್ತಿರ ಬರುತ್ತಿದ್ದರು. ಕಡ್ಡಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ದಿನ ಅವರು ಕನ್ನಡಿಯಲ್ಲಿ ಅವಳನ್ನು ನೋಡಿದರು. ಬೆಂಚಿನ ಮೇಲೆ ನಿಂತು ತನ್ನ ನೆರಳಿಗೇ ಗುದ್ದುತ್ತಿದ್ದಳು.

"ಇದನ್ನ ಮೇಲಕ್ಕೆ ಕಳಿಸು. ಇಲ್ಲಿದ್ರೆ ನಿನ್ನ ಕನ್ನಡಿ ಉಳಿಯಲ್ಲ" ಎಂದರು ಮೇಷ್ಟ್ರು.

ಕನ್ನಡಿಯ ಆಸೆಗೋ ಏನೋ, ಮಾವ ಕಳಿಸಿದ. ಅಮ್ಮನಿಗೆ ತಿಳಿದದ್ದು ಎರಡು ತಿಂಗಳ ಮೇಲೆ. ತಮ್ಮನನ್ನು ಅವಳು ಬೈದ ಬೈಗುಳ ಟೈರ್ ಅಂಗಡಿಯವರೆಗೆ ಕೇಳಿಸಿತಂತೆ.

ಮಾವ ಆ ಹಾಲಿನ ಮೆಟ್ಟಿಲು ಹತ್ತಿದ್ದು ಬೇರೆ ಕಾರಣಕ್ಕೆ. ಒಂದು ಮಧ್ಯಾಹ್ನ ಅಭ್ಯಾಸದಲ್ಲಿ ಒಬ್ಬನ ಹುಬ್ಬು ಒಡೆದು ರಕ್ತ ನಿಲ್ಲದೆ, ಮೇಷ್ಟ್ರು ಕಿಟಕಿಯಿಂದ ಕೂಗಿದರು. ಮಾವ ಗಿರಾಕಿಗೆ "ಒಂದ್ನಿಮಿಷ" ಎಂದು ಹೇಳಿ, ಅರ್ಧ ಮುಖದ ನೊರೆ ಹಾಗೇ ಬಿಟ್ಟು ಓಡಿದ. ಮೇಲೆ ನಾಲ್ಕು ಜನ ನಾಲ್ಕು ಬಟ್ಟೆ ಹಿಡಿದು, ಒತ್ತುವುದು, ಎತ್ತಿ ನೋಡುವುದು, ಮತ್ತೆ ಒತ್ತುವುದು ಮಾಡುತ್ತಿದ್ದರು. ಮಾವ ಅವರನ್ನೆಲ್ಲ ಪಕ್ಕಕ್ಕೆ ಸರಿಸಿ ಗಾಯದ ಮೇಲೆ ಹೆಬ್ಬೆರಳಿಟ್ಟು ಕೂತ.

"ನಿಲ್ತಾ ನೋಡೋ" ಎಂದರು ಮೇಷ್ಟ್ರು.

"ನೋಡಿದ್ರೆ ನಿಲ್ಲಲ್ಲ ಮೇಷ್ಟ್ರೇ. ನೋಡದೆ ಇರೋದೇ ಇದರ ಕೆಲಸ."

ಕ್ಷೌರದವರಿಗೆ ಇದು ಗೊತ್ತಿರುತ್ತದೆ. ಗೀರಿದ ಜಾಗವನ್ನು ಒತ್ತಿ ಹಿಡಿದ ಮೇಲೆ ಬೆರಳು ಎತ್ತಬಾರದು. ಎತ್ತಿ ನೋಡಿದರೆ ಆಗಷ್ಟೇ ಕಟ್ಟುತ್ತಿದ್ದ ರಕ್ತ ಮತ್ತೆ ಬಿಟ್ಟುಕೊಳ್ಳುತ್ತದೆ. ಎಲ್ಲರಿಗೂ ಆಗದಿರುವುದು ಈ ಎತ್ತದೆ ಇರುವ ಕೆಲಸವೇ. ಐದು ನಿಮಿಷದ ಮೇಲೆ ಮಾವ ಬೆರಳು ತೆಗೆದಾಗ ಹುಬ್ಬು ಒಣಗಿತ್ತು. ಅವತ್ತಿನಿಂದ ಅವನು ಮೇಷ್ಟ್ರ ಬಳಗದಲ್ಲಿ ಗಾಯ ನೋಡುವವನಾದ.

ಪಂದ್ಯದಲ್ಲಿ ಐದು ನಿಮಿಷ ಯಾರೂ ಕೊಡುವುದಿಲ್ಲ. ಸುತ್ತು ಸುತ್ತಿನ ನಡುವೆ ಬಾಕ್ಸರು ಬಂದು ಮೂಲೆಯ ಸ್ಟೂಲಿನ ಮೇಲೆ ಕೂರಲು ಸಿಗುವುದು ಒಂದು ನಿಮಿಷ, ಸರಿಯಾಗಿ ಅರವತ್ತು ಸೆಕೆಂಡು. ಬೀದಿಯವರಿಗೆ ಇದು ತಿಳಿದ ದಿನ ನಗುವೋ ನಗು. "ಒಂದ್ನಿಮಿಷನಿಗೆ ಒಂದೇ ನಿಮಿಷವಂತೆ! ಅವನು ಬಟ್ಟೆ ಕೊಡವೋ ಹೊತ್ತಿಗೆ ಪಂದ್ಯ ಮುಗಿದು ಜನ ಮನೆಗೆ ಹೋಗಿರ್ತಾರೆ."

ಮಾವ ನಗಲಿಲ್ಲ. ಅಮ್ಮನ ರಬ್ಬರಿನ ಬಿಸಿನೀರು ಚೀಲ ತೆಗೆದುಕೊಂಡು ಹೋಗಿ, ಅದರಲ್ಲಿ ಕೆಂಪು ಬಣ್ಣದ ನೀರು ತುಂಬಿ, ಸೂಜಿಯಿಂದ ಚುಚ್ಚಿ, ಎದುರಿಗೆ ಅಲಾರಂ ಗಡಿಯಾರ ಇಟ್ಟುಕೊಂಡು ಕಲಿತ. ಒರೆಸಲು ಐದು, ಔಷಧಿಯ ಹತ್ತಿ ಇಡಲು ಐದು, ಒತ್ತಲು ನಲವತ್ತು, ಮುಲಾಮು ಬಳಿಯಲು ಐದು, ಹಗ್ಗದಿಂದ ಆಚೆ ಇಳಿಯಲು ಐದು. ಅಮ್ಮ ಸೊಂಟನೋವಿಗೆ ಚೀಲ ಹುಡುಕಿದಾಗ ಅದು ಜರಡಿಯಾಗಿತ್ತು.

"ನನ್ನ ಸೊಂಟಕ್ಕಿಂತ ಯಾವನದೋ ಹುಬ್ಬು ಹೆಚ್ಚಾಯ್ತಾ ನಿನಗೆ?" ಎಂದು ಕೇಳಿದಳು.

"ಯಾವನದೋ ಅಲ್ಲಕ್ಕಾ" ಎಂದ ಮಾವ. "ನಾಳೆ ನಿನ್ನ ಮಗಳದ್ದೇ ಆಗಬಹುದು."

ಅಮ್ಮ ಹೋಗಿ ಹೊಸ ಚೀಲ ತಂದುಕೊಂಡಳು. ಹಳೆಯದನ್ನು ಮಾವನಿಗೇ ಬಿಟ್ಟಳು.

ಕಡ್ಡಿಗೆ ಇಪ್ಪತ್ತೊಂದು ತುಂಬಿದ ವರ್ಷ ವಿಶ್ವ ಕಿರೀಟದ ಪಂದ್ಯ ಬಂತು. ಚಾಂಪಿಯನ್ ಎದುರು ಆಡಬೇಕಿದ್ದವಳು ಕೈ ಮುರಿದುಕೊಂಡಳು, ಪಟ್ಟಿಯಲ್ಲಿ ಮುಂದಿನ ಹೆಸರು ಇವಳದು. ಆರು ವಾರದ ಸಮಯ. ಅಷ್ಟೂ ವಾರ ಮೇಷ್ಟ್ರು ಅವಳಿಗೆ ಒಂದೇ ಮಾತನ್ನು ಅರೆದು ಅರೆದು ಕುಡಿಸಿದರು: "ಕೂರು." ಏಟು ಬಂದಾಗ ಮಂಡಿ ಮಡಿಸಿ ಕೂರಬೇಕು, ತಲೆ ನೆಟ್ಟಗಿರಬೇಕು, ಕಣ್ಣು ಎದುರಾಳಿಯ ಎದೆಯ ಮೇಲಿರಬೇಕು. ಚಾಂಪಿಯನ್ ಎಡಗೈಯವಳು, ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವುದರಲ್ಲಿ ಪಳಗಿದವಳು. ಅವಳ ಮುಂದೆ ನೆಲ ನೋಡಿದವರು ನೆಲಕ್ಕೇ ಹೋಗಿದ್ದಾರೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಮಾವನಿಗೂ ಅವರು ಒಂದು ಮಾತು ಹೇಳಿದ್ದರು. "ಸುತ್ತು ನಡೀತಿರೋವಾಗ ನೀನು ಮೂಕ. ತಿಳೀತಾ? ಕೂಗೋದು ನಾನೊಬ್ಬನೇ."

"ನಾನ್ಯಾಕೆ ಕೂಗಲಿ? ನಂದು ಬೆರಳಿನ ಕೆಲಸ" ಎಂದ ಮಾವ.

ಎರಡು ದಿನ ರೈಲಿನಲ್ಲಿ ಕೂತು ಕಡ್ಡಿ, ಮೇಷ್ಟ್ರು, ಮಾವ ಮೂವರೂ ಪಂದ್ಯ ನಡೆಯುವ ಊರು ತಲುಪಿದರು. ಅಂಗಡಿಯ ಬಾಗಿಲಿಗೆ ಮಾವ ರಟ್ಟು ಕಟ್ಟಿ ಹೋಗಿದ್ದ: "ಒಂದು ವಾರ ರಜೆ." ಅದರ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ "ಅಂದರೆ ಮುಂದಿನ ವರ್ಷ ಬನ್ನಿ" ಎಂದು ಬರೆದಿದ್ದರು.

ಬಟ್ಟೆ ಬದಲಿಸುವ ಕೋಣೆಯ ಗೋಡೆಗೆಲ್ಲ ಬಿಳಿ ಟೈಲ್ಸ್. ಮರದ ಬೆಂಚು, ಕಪಾಟು, ಮೇಲೆ ಒಂದು ದೊಡ್ಡ ಗಡಿಯಾರ. ಪಂದ್ಯಕ್ಕೆ ಮೊದಲು ಒಬ್ಬ ಅಧಿಕಾರಿ ಬಂದು ಮಾವನ ತಗಡಿನ ಪೆಟ್ಟಿಗೆ ತೆರೆಸಿದ. ಒಂದೊಂದೇ ವಸ್ತುವನ್ನು ಎತ್ತಿ ತನ್ನ ಪಟ್ಟಿಯೊಂದಿಗೆ ಹೋಲಿಸಿ, ಹತ್ತಿ, ಮುಲಾಮು, ಎರಡು ಸೀಸೆ, ಊತ ಇಳಿಸಲು ಒತ್ತುವ ತಂಪು ಕಬ್ಬಿಣ ಇವನ್ನೆಲ್ಲ ಒಪ್ಪಿದ. ಕೊನೆಗೆ ಪಟಿಕದ ಗಡ್ಡೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದೇನು, ಕಲ್ಲುಸಕ್ಕರೆನಾ?"

"ಪಟಿಕ ಸ್ವಾಮಿ. ರಕ್ತ ಕಟ್ಟೋಕೆ. ಮೂವತ್ತು ವರ್ಷದಿಂದ..."

"ಪಟ್ಟಿಯಲ್ಲಿಲ್ಲ" ಎಂದು ಅದನ್ನು ಲಕೋಟೆಗೆ ಹಾಕಿಕೊಂಡು ಹೋದ.

ಮಾವನ ಮುಖ ಸಪ್ಪಗಾದದ್ದನ್ನು ಕಂಡು ಕಡ್ಡಿ ನಕ್ಕಳು. "ಬೆರಳು ಪಟ್ಟಿಯಲ್ಲಿದೆಯಾ ಕೇಳಿದ್ಯಾ? ಅದನ್ನೂ ಲಕೋಟೆಗೆ ಹಾಕ್ಕೊಂಡು ಹೋದಾನು."

ಪಂದ್ಯ ಸಂಜೆ ಆರಕ್ಕೆ ಶುರುವಾಯಿತು. ಹತ್ತು ಸುತ್ತು, ಒಂದೊಂದು ಎರಡು ನಿಮಿಷ. ಇಲ್ಲಿ ಮನೆಯಲ್ಲಿ ಅಮ್ಮ ಟಿವಿಗೆ ಬೆನ್ನು ಹಾಕಿ ಕೂತಿದ್ದಳು. ಏನಾಗುತ್ತಿದೆ ಎಂದು ನಾನು ಹೇಳಬೇಕು, ಅವಳು ನೋಡುವುದಿಲ್ಲ.

ಮೊದಲ ಮೂರು ಸುತ್ತು ಚಾಂಪಿಯನ್‌ಳದ್ದೇ ಕಾರುಬಾರು. ನಾಲ್ಕರಲ್ಲಿ ಕಡ್ಡಿ ಹತ್ತಿಕೊಂಡಳು. ಮೇಷ್ಟ್ರು "ಕೂರು!" ಎನ್ನುವುದು, ಅವಳು ಮಂಡಿ ಮಡಿಸುವುದು, ಎಡಗೈ ಏಟು ಅವಳ ತಲೆಯ ಮೇಲೆ ಗಾಳಿಗೆ ಹೋಗುವುದು, ಇವಳ ಬಲಗೈ ಪಕ್ಕೆಗೆ ಸೇರುವುದು. ಹೊಲಿಗೆ ಯಂತ್ರದ ಹಾಗೆ ನಡೆಯತೊಡಗಿತು. ಐದನೆಯ ಸುತ್ತು ಮುಗಿದಾಗ ಮೇಷ್ಟ್ರ ಮೀಸೆಯ ಕೆಳಗೆ ಹಲ್ಲು ಕಂಡಿತು. ಅದನ್ನು ಮಾವ ಅದುವರೆಗೆ ಕನ್ನಡಿಯಲ್ಲೂ ಕಂಡಿರಲಿಲ್ಲ.

ಆರನೆಯ ಸುತ್ತಿನಲ್ಲಿ ಕಡ್ಡಿ ಸರಿಯುತ್ತ ಸರಿಯುತ್ತ ತನ್ನ ಮೂಲೆಗೇ ಬಂದಳು. ಅವಳ ಬೆನ್ನು ಮಾವನಿಂದ ಒಂದು ಮೊಳ ದೂರದಲ್ಲಿತ್ತು. ಅವನೇ ಕತ್ತರಿಸಿದ ಕತ್ತಿನ ಕೂದಲಿನ ಗೆರೆ ಬೆವರಿನಲ್ಲಿ ಹೊಳೆಯುತ್ತಿತ್ತು. ಆ ಕಡೆಯಿಂದ ಚಾಂಪಿಯನ್‌ಳ ಭುಜ ತಿರುಗಿದ್ದನ್ನು ಮಾವ ಕಂಡ. ಮೇಷ್ಟ್ರಿಗಿಂತ ಮೊದಲು ಕಂಡ. ಅವಳು ತಪ್ಪಿಸಿಕೊಳ್ಳಲಿ ಎಂದು ಬಾಯಿ ತೆರೆದ. ಮೂವತ್ತು ವರ್ಷ ಒಂದಲ್ಲ ಒಂದು ಕತ್ತಿನ ಹಿಂದೆ ನಿಂತು ಹೇಳಿದ ಮಾತೇ ಬಂತು.

"ತಲೆ ಬಗ್ಗಿಸು!"

ಕಡ್ಡಿ ಬಗ್ಗಿಸಿದಳು. ಮಂಡಿ ಮಡಿಯಲಿಲ್ಲ. ಗದ್ದ ಎದೆಗೆ ತಾಗಿತು, ಕಣ್ಣು ಮುಚ್ಚಿತು. ಹಲಗೆಯ ಮೇಲೆ ಕೂತ ಆರು ವರ್ಷದ ಹುಡುಗಿ ಮಾಡುತ್ತಿದ್ದ ಹಾಗೆಯೇ. ಕೆಳಗಿನಿಂದ ಬಂದ ಎಡಗೈ ನೇರವಾಗಿ ಅವಳ ಬಲ ಹುಬ್ಬಿಗೆ ಕೂತಿತು.

ಅವಳು ಬೀಳಲಿಲ್ಲ. ಚಾಂಪಿಯನ್‌ಳನ್ನು ತಬ್ಬಿ ಹಿಡಿದು ಸುತ್ತು ಮುಗಿಸಿದಳು. ಆದರೆ ಹುಬ್ಬು ಒಡೆದಿತ್ತು. ಸ್ಟೂಲಿನ ಮೇಲೆ ಬಂದು ಕೂತಾಗ ರಕ್ತ ಕಣ್ಣಿಗೆ ಇಳಿಯುತ್ತಿತ್ತು.

ಡಾಕ್ಟರು ಹಗ್ಗದ ನಡುವೆ ತೂರಿ ಬಂದು ಟಾರ್ಚ್ ಬಿಟ್ಟು ನೋಡಿದರು. "ಏಟಿನಿಂದ ಆದ ಗಾಯ. ಇನ್ನೊಂದು ಸುತ್ತು ಬಿಡ್ತೀನಿ. ಮತ್ತೆ ಕಣ್ಣಿಗಿಳಿದರೆ ಅಲ್ಲಿಗೇ ನಿಲ್ಲಿಸ್ತೀನಿ." ಏಟಿನ ಗಾಯಕ್ಕೆ ಪಂದ್ಯ ನಿಲ್ಲಿಸಿದರೆ ಗಾಯವಾದವಳಿಗೇ ಸೋಲು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಹತ್ತು ಸೆಕೆಂಡು ಹೋಗಿತ್ತು.

ಮಾವ ಪೆಟ್ಟಿಗೆಗೆ ಕೈ ಹಾಕಿದ. ಹತ್ತಿಯ ಕಡ್ಡಿ ಒಂದು ಕೆಳಗೆ ಬಿತ್ತು. "ನಂದೇ ತಪ್ಪು ಕಣೇ" ಎಂದ. "ನನ್ನ ಬಾಯಿಗೆ..."

"ಕಟಿಂಗ್ ಮಾಡೋಕೆ ಒಳ್ಳೆ ಹೊತ್ತು ನೋಡ್ದೆ" ಎಂದಳು ಕಡ್ಡಿ, ಏದುಸಿರಿನ ನಡುವೆ. "ಬೈಗುಳ ಆಮೇಲೆ. ಈಗ ಒತ್ತು."

ಮೇಷ್ಟ್ರು ಅವಳ ಎದುರು ಮಂಡಿಯೂರಿದವರು ಎದ್ದು ಪಕ್ಕಕ್ಕೆ ಸರಿದರು. "ಉಳಿದ ಹೊತ್ತು ಪೂರ್ತಿ ನಿಂದೇ" ಎಂದರು ಮಾವನಿಗೆ.

ಮಾವ ಒರೆಸಿದ. ಔಷಧಿಯ ಹತ್ತಿ ಇಟ್ಟ. ಹೆಬ್ಬೆರಳಿಟ್ಟು, ಎಡಗೈಯಿಂದ ಅವಳ ತಲೆಯ ಹಿಂಭಾಗವನ್ನು ಹಿಡಿದು ಒತ್ತಿದ. ಒತ್ತಿದ ಮೇಲೆ ಕೈ ಹಿಡಿತಕ್ಕೆ ಬಂತು. ಬೆರಳಿಗೆ ಕೆಲಸ ಸಿಕ್ಕಿತಲ್ಲ. ಸುತ್ತ ಹಾಲ್ ಕೂಗುತ್ತಿತ್ತು. ಬೆರಳಿನ ಕೆಳಗೆ ಅವಳ ನಾಡಿ ಹೊಡೆಯುತ್ತಿತ್ತು. ಹತ್ತು ಎಣಿಸಿದಾಗ, ನಿಂತಿತೇ ಒಂದು ಸಲ ನೋಡು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಎತ್ತಲಿಲ್ಲ. ಇಪ್ಪತ್ತಕ್ಕೆ ಡಾಕ್ಟರೇ ಹಿಂದಿನಿಂದ "ಹೇಗಿದೆ?" ಎಂದರು.

"ಒಂದ್ನಿಮಿಷ" ಎಂದ ಮಾವ, ತಲೆಯೆತ್ತದೆ.

ಸುತ್ತಿನ ಗಂಟೆಗೆ ಹತ್ತು ಸೆಕೆಂಡಿದೆ ಎಂದು ಸೀಟಿ ಊದಿದರು. ಆಗ ಬೆರಳು ತೆಗೆದ. ಗಾಯದ ಎರಡು ಅಂಚುಗಳೂ ತೆಳುವಾಗಿ ಕೂಡಿಕೊಂಡಿದ್ದವು. ಮೇಲೆ ದಪ್ಪಗೆ ಮುಲಾಮು ಬಳಿದು ಹಗ್ಗದಿಂದ ಹೊರಗೆ ಬಂದವನೇ ತನ್ನ ಹೆಗಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಟಿವಿಯಲ್ಲಿ ಅದು ಕಂಡಾಗ ನಾನು ಅಮ್ಮನಿಗೆ "ಮಾವ ಟವೆಲ್ ಕಚ್ಕೊಂಡಿದಾನೆ" ಎಂದೆ. "ಹೆದರಿಕೆಗೆ ಪಾಪ" ಎಂದಳು ಅಮ್ಮ. ಹೆದರಿಕೆಗಲ್ಲ ಎಂದು ನಮಗೆ ಗೊತ್ತಾದದ್ದು ಆಮೇಲೆ.

ಏಳನೆಯ ಸುತ್ತಿನಲ್ಲಿ ಕಡ್ಡಿ ಬಲಗೈಯನ್ನು ಹುಬ್ಬಿಗೆ ಕೊಡೆಯಂತೆ ಹಿಡಿದು, ಎಡಗೈಯಲ್ಲೇ ಆಡಿದಳು. ಒಂದು ಸಣ್ಣ ಹನಿ ಬಂತು, ಕೆನ್ನೆಯ ಹೊರಗಿನಿಂದ ಇಳಿಯಿತು, ಕಣ್ಣಿಗೆ ಹೋಗಲಿಲ್ಲ. ಡಾಕ್ಟರು ಎದ್ದವರು ಮತ್ತೆ ಕೂತರು. ಎಂಟು, ಒಂಬತ್ತು ಕೂಡ ಹಾಗೆಯೇ ಕಳೆದವು. ಪ್ರತಿ ವಿರಾಮದಲ್ಲೂ ಮಾವ ಬೆರಳು ಇಟ್ಟರೆ ತೆಗೆಯುವುದು ಸೀಟಿಗೇ. ಮೇಷ್ಟ್ರು ಅವನ ಕಂಕುಳ ಸಂದಿಯಿಂದ ಮುಖ ತೂರಿಸಿ ಕಡ್ಡಿಯ ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳುತ್ತಿದ್ದರು. ಹತ್ತನೆಯ ಸುತ್ತಿಗೆ ಕಡ್ಡಿ ಎರಡು ಕೈಯನ್ನೂ ಬಿಚ್ಚಿದಳು. ಏಟು ಬಂದಾಗಲೆಲ್ಲ ಕೂತಳು, ಎದ್ದಳು, ಹೊಡೆದಳು. ಕೊನೆಯ ಗಂಟೆ ಹೊಡೆದಾಗ ಚಾಂಪಿಯನ್ ಹಿಂದಕ್ಕೆ ಸರಿಯುತ್ತಿದ್ದಳು.

ತೀರ್ಪು ಓದುವುದಕ್ಕೆ ಹೊತ್ತು ಹಿಡಿಯಿತು. ಹತ್ತನೆಯ ಸುತ್ತಿನಲ್ಲಿ ಗಾಯ ಮತ್ತೆ ಬಿಟ್ಟುಕೊಂಡಿತ್ತು. ಮಾವ ರಿಂಗಿನ ನಡುವೆಯೇ ಅವಳ ಹುಬ್ಬನ್ನು ಹಿಡಿದು ನಿಂತಿದ್ದ. ಬಾಯಲ್ಲಿ ಇನ್ನೂ ಟವೆಲ್. ಒಬ್ಬ ತೀರ್ಪುಗಾರ ಚಾಂಪಿಯನ್‌ಗೆ ಕೊಟ್ಟ, ಒಬ್ಬ ಇವಳಿಗೆ ಕೊಟ್ಟ. ಮೂರನೆಯದು ಮಾವನ ಕಿವಿಗೆ ಬೀಳಲಿಲ್ಲ. ಅವನು ಎಣಿಸುತ್ತಿದ್ದ. ಬೆರಳಿನ ಕೆಳಗೆ ಹುಬ್ಬು ಇದ್ದಕ್ಕಿದ್ದಂತೆ ಮೇಲಕ್ಕೆ ಏರಿತು.

"ಅಲ್ಲಾಡಬೇಡ್ವೇ!" ಎಂದ ಮಾವ, ಟವೆಲ್ ಉಗಿದು.

"ಮಾವಾ, ಗೆದ್ದೆ!"

"ಗೆಲ್ಲು. ಆದ್ರೆ ಅಲ್ಲಾಡಬೇಡ."

ಪೇಪರಿನ ಫೋಟೋ ಆ ಗಳಿಗೆಯದು.

ಗಾಯಕ್ಕೆ ಬಿದ್ದದ್ದು ನಾಲ್ಕು ಹೊಲಿಗೆ. ಡಾಕ್ಟರು ಹೊಲಿಯುತ್ತಿದ್ದಾಗ ಕಡ್ಡಿ ಮಾವನನ್ನು ಬಾಯಿ ತುಂಬ ಬೈದಳು. ಹೊಲಿಗೆಯ ನೋವಿಗೂ ಸೇರಿಸಿ ಬೈದಳು. ಮಾವ ಕೈಕಟ್ಟಿ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ, ಇನ್ನು ತಾನು ಮೂಲೆಗೆ ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದ.

ಮೇಷ್ಟ್ರು ಮೀಸೆ ನೀವಿಕೊಂಡು ಯೋಚಿಸಿದರು. "ನಿನ್ನ ಬಾಯಿ ನಮಗೆ ಬೇಡ" ಎಂದರು. "ಅದನ್ನ ಅಂಗಡೀಲಿ ಬಿಟ್ಟು ಬಾ. ಕೈ ಮಾತ್ರ ಬೇಕೇ ಬೇಕು."

ಮಾವ ಅದನ್ನು ತನ್ನದೇ ರೀತಿಯಲ್ಲಿ ಪಾಲಿಸುತ್ತಿದ್ದಾನೆ. ಊರಿಗೆ ಬಂದ ಮೇಲೆ ಅಂಗಡಿಯಲ್ಲಿ ಯಾರಿಗೂ "ತಲೆ ಬಗ್ಗಿಸು" ಎಂದು ಹೇಳುವುದಿಲ್ಲ. ನಾಲಗೆಗೆ ಅಭ್ಯಾಸ ತಪ್ಪಲಿ ಎಂದು "ಸ್ವಲ್ಪ ನಿಮ್ಮ ಹೊಟ್ಟೆ ನೋಡ್ಕೊಳಿ" ಎನ್ನುತ್ತಾನೆ. ಕನ್ನಡಕದ ಅಂಗಡಿಯವನಿಗೆ ಹೊಟ್ಟೆ ದೊಡ್ಡದು. ಮೊದಲ ಸಲ ಕೇಳಿದಾಗ ಅವನು ಕೊರಳಿನ ಬಟ್ಟೆ ಕಿತ್ತುಕೊಂಡು ಎದ್ದು ನಿಂತಿದ್ದ. ಅವನಿಗೆ ಸಮಾಧಾನ ಹೇಳಿ ಕೂರಿಸುವಷ್ಟರಲ್ಲಿ ಬೆಂಚಿನ ಮೇಲೆ ಐದು ಜನ ಸೇರಿದ್ದರು. ಈಗ ಬೆಂಚು ದಿನವೂ ತುಂಬಿರುತ್ತದೆ. ಗೆದ್ದವಳ ಮಾವನ ಕೈಯಲ್ಲೇ ಕಟಿಂಗ್ ಮಾಡಿಸಿಕೊಳ್ಳಬೇಕು ಎಂದು ಬೇರೆ ಬೀದಿಗಳಿಂದಲೂ ಬರುತ್ತಾರೆ. ಮಾವ ಯಾರಿಗೂ ಅವಸರ ಮಾಡುವುದಿಲ್ಲ. ಹಣೆಯ ಬೆವರು ಒರೆಸಿಕೊಳ್ಳುತ್ತಾನೆ, ರೇಡಿಯೋದ ಹಾಡಿಗೆ ಗುನುಗುತ್ತಾನೆ, ಮುಖ ಮಾತ್ರ ತಣ್ಣಗಿರುತ್ತದೆ. ಕಡ್ಡಿ ಬಂದು ಬಾಗಿಲಲ್ಲಿ ನಿಂತರೆ ಅವಳನ್ನೂ ಸರದಿಯಲ್ಲೇ ಕೂರಿಸುತ್ತಾನೆ.

ಮೊನ್ನೆ ಅವನು ಅಮ್ಮನಿಗೆ, ಇಷ್ಟು ಜನರನ್ನು ಒಬ್ಬನೇ ಸುಧಾರಿಸಲು ಆಗುತ್ತಿಲ್ಲ, ಹೆಂಗಸರೂ ಮಕ್ಕಳೂ ಬರುತ್ತಿದ್ದಾರೆ, ಕೈ ನಡುಗದವರು ಯಾರಾದರೂ ಬೇಕು ಎಂದ. ಹಾಗೆಂದು ನನ್ನ ಕಡೆ ನೋಡಿದ. ರಾತ್ರಿಯೆಲ್ಲ ಯೋಚಿಸಿದೆ. ಸೋಮವಾರ ಬೆಳಿಗ್ಗೆಯಿಂದ ನಾನು ಅಂಗಡಿಗೆ ಹೋಗಿ ಮಾವನ ಹತ್ತಿರ ಕೆಲಸ ಕಲಿಯುತ್ತೇನೆ.